ಬೀಗರ ಬ್ಯಾಟಿನ ಸುಂಕ

ಹೆಣ್ಣು ಕೊಟ್ಟವರು ಬೀಗರ ಮುಂದೆ ತಗ್ಗಿ ಬಗ್ಗಿ ನಡೆಯಬೇಕು ಎಂಬುದನ್ನು ಬಸವನಗುಡಿಯ ವಾದಿರಾಜರು ತಾತ್ತ್ವಿಕವಾಗಿ ಒಪ್ಪಿಕೊಂಡಿದ್ದರು. ಪಂಕ್ತಿಯಲ್ಲಿ ಮೊದಲ ಎಲೆ ಬೀಗರಿಗೆ, ಸರಿ. ಕಾರಿನಲ್ಲಿ ಮುಂದಿನ ಸೀಟು ಬೀಗರಿಗೆ, ಅದೂ ಸರಿ. ಬೀಗರು ಹಳೇ ಜೋಕು ಹೇಳಿದಾಗ ಮೊದಲ ಸಲ ಕೇಳಿದವರಂತೆ ನಗುವುದಂತೂ ರೂಢಿಯೇ ಆಗಿಹೋಗಿತ್ತು. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ಟೇಬಲ್ ಟೆನಿಸ್ಸಿನಲ್ಲಿ ಅದೇ ಬೀಗರ ಕೈಯಲ್ಲಿ ಸೋಲಬೇಕು ಎಂದು ಯಾವ ಧರ್ಮಶಾಸ್ತ್ರದಲ್ಲಿ ಬರೆದಿದೆ?

ಮಗಳು ದೀಪ್ತಿಯನ್ನು ಚಾಮರಾಜಪೇಟೆಯ ವರದರಾಜರ ಮಗನಿಗೆ ಕೊಟ್ಟು ಮೂರು ವರ್ಷವಾಗಿತ್ತು. ಮಾತುಕತೆಯ ದಿನ ಹುಡುಗನ ತಂದೆಗೂ ಟೇಬಲ್ ಟೆನಿಸ್ ಹುಚ್ಚಿದೆ ಎಂದು ತಿಳಿದಾಗ ವಾದಿರಾಜರು ಜಾತಕ ನೋಡುತ್ತಿದ್ದ ಜೋಯಿಸರನ್ನು ಅರ್ಧಕ್ಕೇ ತಡೆದು, "ಕೂಡಿ ಬಂತು ಬಿಡಿ" ಎಂದುಬಿಟ್ಟಿದ್ದರು. ಈಗ ಪಶ್ಚಾತ್ತಾಪವಾಗುತ್ತಿತ್ತು. ಹುಡುಗನ ಜಾತಕದ ಜೊತೆಗೆ ಅವನಪ್ಪನ ಬ್ಯಾಕ್‌ಹ್ಯಾಂಡನ್ನೂ ನೋಡಬೇಕಿತ್ತು.

ಪಾರ್ಕಿನ ಹಿಂದಿನ ಹಿರಿಯರ ಸಂಘದಲ್ಲಿ ಒಂದು ಟೇಬಲ್ಲು, ಒಂದು ಫ್ಯಾನು, ಮತ್ತು ಆಡುವವರಿಗಿಂತ ಹೆಚ್ಚು ನೋಡುವವರು. ಅಷ್ಟು ಜನರ ಮುಂದೆ ಮೂರು ವರ್ಷ ಭಾನುವಾರ ತಪ್ಪದೆ ಸೋಲುವುದೆಂದರೆ ಸಣ್ಣ ಮಾತಲ್ಲ. ಮೊದಲ ವರ್ಷ ವಾದಿರಾಜರು ತಾವು ಬೀಗರಿಗೆ ಮರ್ಯಾದೆ ಕೊಟ್ಟು ಸೋಲುತ್ತಿದ್ದೇವೆ ಎಂದು ನಂಬಿದ್ದರು. ಎರಡನೆಯ ವರ್ಷ ಮರ್ಯಾದೆಯನ್ನು ಬದಿಗಿಟ್ಟು ಆಡಿ ನೋಡಿದರು, ಅಂಕದಲ್ಲಿ ವ್ಯತ್ಯಾಸವೇನೂ ಆಗಲಿಲ್ಲ. ಮೂರನೆಯ ವರ್ಷ ಜ್ಞಾನೋದಯವಾಯಿತು. ದೋಷ ಅವರದಲ್ಲ, ಬ್ಯಾಟಿನದು.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದರು ಹೆಂಡತಿ ಕೋಕಿಲಮ್ಮ. ಅವರಿಗೆ ಹಾಗೆನ್ನುವ ಹಕ್ಕಿತ್ತು. ಈ ಜ್ಞಾನೋದಯದ ಫಲವಾಗಿ ಅದಾಗಲೇ ಮೂರು ಬ್ಯಾಟುಗಳು ಮನೆಗೆ ಬಂದಿದ್ದವು. ಎರಡು ಮಂಚದ ಕೆಳಗಿದ್ದವು. ಮೂರನೆಯದನ್ನು ಕೋಕಿಲಮ್ಮ ತಾರಸಿಯ ಮೇಲೆ ಹಪ್ಪಳ ಒಣಗಿಸುವಾಗ ಕಾಗೆ ಓಡಿಸಲು ಇಟ್ಟುಕೊಂಡಿದ್ದರು. (ಕಾಗೆಗಳ ವಿರುದ್ಧ ಆ ಬ್ಯಾಟು ಒಮ್ಮೆಯೂ ಸೋತಿರಲಿಲ್ಲ.)

"ಇನ್ನೊಂದು ಮರದ ಹಲಗೆ ಈ ಮನೆ ಹೊಸ್ತಿಲು ದಾಟಿದ್ರೆ, ಅದರಲ್ಲೇ ಚಪಾತಿ ಲಟ್ಟಿಸ್ತೀನಿ. ಗೊತ್ತಾಯ್ತಾ?" ಎಂದು ಅವರು ಕಟ್ಟಪ್ಪಣೆ ಮಾಡಿದ್ದರು.

ಆದರೆ ಜರ್ಮನಿಯ ಅಂಗಡಿಯೊಂದರ ಬ್ಯಾಟನ್ನು ಮೊಬೈಲಿನಲ್ಲಿ ನೋಡಿದ ದಿನದಿಂದ ವಾದಿರಾಜರಿಗೆ ಊಟ ರುಚಿಸಲಿಲ್ಲ. ಏಳು ಪದರದ ಮರ, ಒಂದು ಕಡೆ ಕೆಂಪು ರಬ್ಬರು, ಇನ್ನೊಂದು ಕಡೆ ಕಪ್ಪು. ಅದರ ಗುಣಗಾನ ಓದಿದರೆ ಎದುರಾಳಿ ತಾನಾಗಿಯೇ ಬಂದು ಕಾಲಿಗೆ ಬಿದ್ದು ಶರಣಾಗುವಂತಿತ್ತು. ಬೆಲೆ ಹೇಳಿದರೆ ಸುಮ್ಮನೆ ನಿಮಗೂ ಸಂಕಟ. ಒಂದು ಒಳ್ಳೆಯ ರೇಷ್ಮೆ ಸೀರೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಸುಂಕ ಬೇರೆ.

ವಾದಿರಾಜರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವರು. ಆಮದು ರಫ್ತು ಎಂಬ ಪಾಠವನ್ನು ಪುಸ್ತಕ ತೆರೆಯದೆ ಹೇಳಬಲ್ಲರು. ಆದರೆ ಸ್ವತಃ ಆಮದು ಮಾಡಿದ್ದು ಎಂದರೆ ಒಮ್ಮೆ ಧರ್ಮಸ್ಥಳದಿಂದ ತಂದ ಪಂಚಕಜ್ಜಾಯ ಅಷ್ಟೇ. ವಿದೇಶದಿಂದ ಗಿಫ್ಟ್ ಅಂತ ಬಂದರೆ ಸುಂಕವಿಲ್ಲ ಎಂದು ಸಂಘದಲ್ಲಿ ಯಾರೋ ಯಾವಾಗಲೋ ಹೇಳಿದ್ದು ಅವರ ನೆನಪಿಗೆ ಬಂತು. ಅಂಥ ಕಾಲವೊಂದು ಇದ್ದಿರಬಹುದು. ಅದು ಮುಗಿಯಿತು ಎಂಬುದನ್ನು ಹೇಳಿದವರಿಗೆ ಯಾರೂ ಹೇಳಿರಲಿಲ್ಲ.

ತಮ್ಮನ ಮಗ ಕಶ್ಯಪ್ ಆಗ ಆಫೀಸಿನ ಕೆಲಸದ ಮೇಲೆ ಆರು ತಿಂಗಳು ಜರ್ಮನಿಗೆ ಹೋಗಿದ್ದ. ವಾದಿರಾಜರು ತಾರಸಿಗೆ ಹೋಗಿ, ಕಾಗೆಗಳ ಸಮಕ್ಷಮದಲ್ಲಿ ಅವನಿಗೆ ಫೋನು ಮಾಡಿದರು.

"ನೀನೇ ಅಂಗಡಿಯಿಂದ ತಗೊಂಡು ನೀನೇ ಕಳಿಸು. ಮೇಲೆ ಗಿಫ್ಟ್ ಅಂತ ದೊಡ್ಡದಾಗಿ ಬರಿ."

"ದೊಡ್ಡಪ್ಪ, ಸುಮ್ನೆ ಡ್ಯೂಟಿ ಕಟ್ಬಿಡಿ. ಯಾಕೆ ರಿಸ್ಕು?"

"ಲೋ, ನೀನು ಚಾಪೆ ಕೆಳಗೆ ತೂರಿದ್ರೆ ಸರ್ಕಾರ ರಂಗೋಲಿ ಕೆಳಗೆ ತೂರತ್ತೆ. ಅದಕ್ಕೇ ಹೇಳ್ತಿರೋದು, ನೋಡಿದ ತಕ್ಷಣ ಗಿಫ್ಟ್ ಅಂತ ಅನ್ನಿಸ್ಬೇಕು. ಬಣ್ಣದ ಪೇಪರ್ ಸುತ್ತು. ರಿಬ್ಬನ್ ಕಟ್ಟು. ಬೆಲೆ ಕಮ್ಮಿ ಹಾಕು."

ಕಶ್ಯಪ್ ಹೇಳಿದಷ್ಟು ಮಾಡಿದ. ಅಲ್ಲಿಯ ಅಂಗಡಿಯಲ್ಲಿ ಬಲೂನುಗಳ ಚಿತ್ರವಿದ್ದ, ಉದ್ದಕ್ಕೂ 'ಹ್ಯಾಪಿ ಬರ್ತ್‌ಡೇ' ಎಂದು ಅಚ್ಚು ಹಾಕಿದ್ದ ಪೇಪರು ಸಿಕ್ಕಿತು. ಅದನ್ನು ಸುತ್ತಿ, ನೀಲಿ ರಿಬ್ಬನ್ನು ಬಿಗಿದು ಕಳಿಸಿದ.

ಇನ್ನೇನು ಬರುವ ಭಾನುವಾರವೇ ಬೀಗರ ಗರ್ವಭಂಗ ಎಂದು ವಾದಿರಾಜರು ಕನ್ನಡಿಯ ಮುಂದೆ ಬರಿಗೈ ಬೀಸುತ್ತಿದ್ದಾಗ ಕೊರಿಯರ್ ಆಫೀಸಿನಿಂದ ಒಬ್ಬ ಹುಡುಗಿಯ ಫೋನು ಬಂತು. ಮತ್ತೆ ತಾರಸಿಗೆ ಓಡಿದರು.

"ಸರ್, ನಿಮ್ಮ ಪಾರ್ಸೆಲ್ ಕಸ್ಟಮ್ಸಲ್ಲಿ ನಿಂತಿದೆ. ಆಧಾರ್ ಕಾಪಿ ಕಳಿಸ್ಬೇಕು, ಡ್ಯೂಟಿ ಕಟ್ಬೇಕು."

"ಡ್ಯೂಟಿನಾ? ಏನಮ್ಮಾ, ಅದು ಗಿಫ್ಟು! ಮೇಲೆ ಬರೆದಿಲ್ವಾ?"

"ಬರೆದಿದೆ ಸರ್. ಗಿಫ್ಟಿಗೂ ಡ್ಯೂಟಿ ಇರತ್ತೆ."

"ಇದೆಂಥಾ ಅನ್ಯಾಯ! ಮಗು ದೊಡ್ಡಪ್ಪನ ಮೇಲೆ ಪ್ರೀತಿ ಇಟ್ಟು ಕಳಿಸಿದಾನೆ. ಪ್ರೀತಿಗೂ ಸುಂಕಾನಾ?"

"ಪ್ರೀತಿಗಿಲ್ಲ ಸರ್, ಬ್ಯಾಟಿಗೆ."

"ಸರಿ, ಬ್ಯಾಟಿಗೇ ಇರ್ಲಿ. ಅದರ ಬೆಲೆ ಏನೂ ಇಲ್ವಲ್ಲಮ್ಮ, ಅಲ್ಲೇ ಹಾಕಿದಾನೆ ನೋಡು."

"ಕಸ್ಟಮ್ಸ್‌ನವರು ನೆಟ್ಟಲ್ಲಿ ನಿಜವಾದ ಬೆಲೆ ನೋಡಿದ್ರು ಸರ್."

ವಾದಿರಾಜರು ಬಿಡಲಿಲ್ಲ. ವಯಸ್ಸಾದವರ ಆರೋಗ್ಯಕ್ಕೆ ವ್ಯಾಯಾಮ ಎಷ್ಟು ಮುಖ್ಯ, ತಮ್ಮ ಮಂಡಿನೋವು ಎಷ್ಟು ಹಳೆಯದು, ಪಿಂಚಣಿ ಎಷ್ಟು ಕಡಿಮೆ, ಎಲ್ಲವನ್ನೂ ವಿಸ್ತಾರವಾಗಿ ನಿವೇದಿಸಿಕೊಂಡರು. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂದು ಹಿರಿಯರು ಸುಮ್ಮನೆ ಗಾದೆ ಮಾಡಿಲ್ಲ. ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಆಧಾರ್ ಎರಡೂ ಕಡೆ ಬರ್ಬೇಕು ಸರ್" ಎಂದಳು.

ಹೀಗೆ ಮಾತುಕತೆ ನಡೆಯುತ್ತಲೇ ಎರಡು ಭಾನುವಾರ ಕಳೆದವು. ಎರಡರಲ್ಲೂ ವಾದಿರಾಜರು ಸೋತರು. ಆಧಾರ್ ಒಮ್ಮೆ ಮಸುಕಾಗಿತ್ತು, ಇನ್ನೊಮ್ಮೆ ತಲೆಕೆಳಗಾಗಿತ್ತು. ಕೊನೆಗೆ ಸುಂಕವನ್ನು ಪಾರ್ಸೆಲ್ ತಂದವನ ಕೈಗೇ ಕೊಡುವುದೆಂದು ಇತ್ಯರ್ಥವಾಯಿತು. ಕಡಿಮೆ ಬೆಲೆ ಬರೆದ ತಪ್ಪಿಗೆ ಬಿದ್ದ ದಂಡವೂ ಅದರೊಳಗೇ ಸೇರಿತ್ತು.

ಇದೇ ಸಮಯಕ್ಕೆ ಮನೆಯಲ್ಲಿ ಬೇರೊಂದು ಚರ್ಚೆ ಕಾವೇರಿತ್ತು. ಬೀಗರಿಗೆ ಅರವತ್ತು ತುಂಬುತ್ತಿತ್ತು. ಷಷ್ಟ್ಯಬ್ದಿ ಶಾಂತಿ, ಹೋಮ, ಛತ್ರದಲ್ಲಿ ಊಟ. ಹೆಣ್ಣಿನ ಕಡೆಯವರು ಏನು ಕೊಡಬೇಕು?

"ರೀ, ಪಂಚೆ ಶಲ್ಯ ಎಲ್ಲರೂ ಕೊಡ್ತಾರೆ. ಬೆಳ್ಳಿ ಲೋಟ ಮದುವೇಲೇ ಕೊಟ್ಟಾಯ್ತು. ಏನಾದ್ರೂ ನೆನಪಲ್ಲಿ ಉಳಿಯೋ ಅಂಥದ್ದು ಹೇಳ್ರೀ" ಎಂದು ಕೋಕಿಲಮ್ಮ ಬೆಳಿಗ್ಗೆ ಸಂಜೆ ಕೇಳುತ್ತಿದ್ದರು.

"ಅದರ ಯೋಚನೆ ನನಗೆ ಬಿಡು" ಎನ್ನುತ್ತಿದ್ದರು ವಾದಿರಾಜರು. ಯೋಚನೆ ಮಾಡುವ ಇರಾದೆ ಅವರಿಗೆ ಸುತರಾಂ ಇರಲಿಲ್ಲ. ಮಾತು ನಿಂತರೆ ಸಾಕಿತ್ತು.

ಪಾರ್ಸೆಲ್ ಬರುವ ದಿನ ವಾದಿರಾಜರು ಬೆಳಿಗ್ಗೆಯಿಂದ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಹಿಡಿದ ಪೇಪರಿನ ಪುಟ ತಿರುಗಿಸದೆ ಕುಳಿತಿದ್ದರು. ಸಂಜೆಯಾದರೂ ಯಾರೂ ಬರಲಿಲ್ಲ. ಕೋಕಿಲಮ್ಮ ಗಾಂಧಿ ಬಜಾರಿನಿಂದ ಒಂದು ಮೊಳ ಮಲ್ಲಿಗೆ ತರಲು ಹೇಳಿದರು. ಆಗುವುದಿಲ್ಲ ಎನ್ನಲು ಕಾರಣ ಬೇಕಿತ್ತು, ಇರಲಿಲ್ಲ. ಹೋದರು. ಹೂವಿನವಳ ಹತ್ತಿರ ಚೌಕಾಸಿ ಕೂಡ ಮಾಡದೆ ಓಡಿ ಬಂದರು. ಅಷ್ಟರಲ್ಲಿ ಕೊರಿಯರಿನವನು ಬಂದು ಹೋಗಿದ್ದ.

ಬಾಗಿಲಲ್ಲೇ ಕೋಕಿಲಮ್ಮ ನಿಂತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. ಒಳಗೆ ಊಟದ ಮೇಜಿನ ಮೇಲೆ ಪಾರ್ಸೆಲ್. ಕಸ್ಟಮ್ಸಿನವರು ಬಿಚ್ಚಿ ನೋಡಿ ಮತ್ತೆ ಅಂಟಿಸಿದ್ದರಿಂದ ಒಂದು ಮೂಲೆ ಹರಿದು, ಬ್ಯಾಟಿನ ಹಿಡಿ ಹೊರಗೆ ಇಣುಕುತ್ತಿತ್ತು. ವಾದಿರಾಜರಿಗೆ ಲಟ್ಟಣಿಗೆಯೇ ಕಣ್ಣಿಗೆ ಕಟ್ಟಿತು.

"ಕೋಕಿಲಾ, ನೋಡು, ನಾನು ಹೇಳೋಣ ಅಂತಾನೇ..."

"ಏನೂ ಹೇಳ್ಬೇಡ್ರೀ. ನನಗೆಲ್ಲಾ ಅರ್ಥವಾಯ್ತು."

"ಅರ್ಥವಾಯ್ತಾ?"

"ಮೂವತ್ತೆರಡು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದೆ. ನೀವು ಇಷ್ಟು ದೊಡ್ಡ ಮನಸ್ಸಿನೋರು ಅಂತ ನನಗೆ ಗೊತ್ತೇ ಆಗ್ಲಿಲ್ಲ ನೋಡಿ. ದಿನಾ ನನ್ನ ಹತ್ರ ಬೈಸ್ಕೊಂಡು, ಬಾಯಿ ಬಿಡದೆ, ಬೀಗರ ಅರವತ್ತಕ್ಕೆ ಅಂತ ಜರ್ಮನಿಯಿಂದ ಬ್ಯಾಟು ತರಿಸಿದೀರಲ್ಲ! ಹ್ಯಾಪಿ ಬರ್ತ್‌ಡೇ ಅಂತ ಪೇಪರ್ ಬೇರೆ ಸುತ್ತಿಸಿ!"

ವಾದಿರಾಜರು ಬಾಯಿ ತೆರೆದರು. ತಮ್ಮ ಹುಟ್ಟುಹಬ್ಬಕ್ಕೆ ಬಂದದ್ದು ಎನ್ನೋಣವೆಂದರೆ ಅದು ಆಷಾಢದಲ್ಲೇ ಮುಗಿದಿತ್ತು. ಮೇಜಿನ ಮೇಲೆ ಬಿಸಿ ಕೇಸರಿಬಾತು ಇತ್ತು, ದ್ರಾಕ್ಷಿ ಗೋಡಂಬಿ ಧಾರಾಳವಾಗಿ ಹಾಕಿದ್ದು. ಹೆಂಡತಿ ಅವರನ್ನು ನೋಡುತ್ತಿದ್ದ ರೀತಿಯಲ್ಲಿ ಮದುವೆಯಾದ ಹೊಸದರಲ್ಲೂ ನೋಡಿರಲಿಲ್ಲ. ಇದು ನನ್ನ ಬ್ಯಾಟು ಕಣೇ ಎಂದು ಒಂದು ಮಾತು ಹೇಳಿದರೆ ಆ ನೋಟವೂ ಹೋಗುತ್ತಿತ್ತು, ಕೇಸರಿಬಾತೂ ಹೋಗುತ್ತಿತ್ತು. ಬಿಸಿತುಪ್ಪ ಗಂಟಲಲ್ಲಿ ನಿಂತಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಸುಂಕ..." ಎಂದರು.

"ಕಟ್ಟಿದೆ. ನನ್ನ ಸೀರೆ ದುಡ್ಡಿತ್ತಲ್ಲ, ಅದರಲ್ಲಿ. ಹೋಗ್ಲಿ ಬಿಡಿ, ದೀಪ್ತಿ ಸುಖವಾಗಿರ್ತಾಳೆ. ಸುಂದರಮ್ಮನೋರಿಗೂ ಆಗ್ಲೇ ಫೋನ್ ಮಾಡಿ ಹೇಳ್ಬಿಟ್ಟೆ."

ಸುಂದರಮ್ಮನೆಂದರೆ ಬೀಗಿತ್ತಿ. ಅಲ್ಲಿಗೆ ಮುಗಿಯಿತು. ವಾದಿರಾಜರು ಕುಳಿತು ಕೇಸರಿಬಾತು ತಿಂದರು. ಎರಡನೆಯ ಸಲವೂ ಹಾಕಿಸಿಕೊಂಡರು, ಅಷ್ಟಾದರೂ ವಸೂಲಾಗಲಿ ಎಂದು.

ಷಷ್ಟ್ಯಬ್ದಿಯ ದಿನ ಬ್ಯಾಟು ಬೆಳ್ಳಿ ತಟ್ಟೆಯಲ್ಲಿ, ವೀಳ್ಯದೆಲೆ, ತೆಂಗಿನಕಾಯಿ, ಬಾಳೆಹಣ್ಣುಗಳ ನಡುವೆ ಮದುವಣಗಿತ್ತಿಯಂತೆ ವಿರಾಜಮಾನವಾಗಿತ್ತು. ಹೊಸ ವಸ್ತುವನ್ನು ಬರಿದಾಗಿ ಕೊಡಬಾರದಲ್ಲ, ಕೋಕಿಲಮ್ಮ ಕೆಂಪು ರಬ್ಬರಿನ ನಟ್ಟನಡುವೆ ಒದ್ದೆ ಅರಿಶಿನ ಹಚ್ಚಿ ಮೇಲೆ ಕುಂಕುಮವಿಟ್ಟಿದ್ದರು. ಕೈಬೆರಳು ಕೂಡ ತಾಕಿಸಬಾರದು ಎಂದು ಅಂಗಡಿಯವರು ಎಚ್ಚರಿಸಿದ್ದ ರಬ್ಬರು ಅದು. ಅಕ್ಷತೆ ಕಾಳು ಬ್ಯಾಟಿನ ಮೇಲೆ ಬಿದ್ದಾಗಲೆಲ್ಲ ವಾದಿರಾಜರ ಎದೆ ಚುರ್ ಎನ್ನುತ್ತಿತ್ತು.

ವರದರಾಜರು ಬ್ಯಾಟನ್ನು ಎತ್ತಿಕೊಂಡು, ತಿರುಗಿಸಿ ನೋಡಿದರು. ಆಮೇಲೆ ವಾದಿರಾಜರನ್ನು ಬಾಚಿ ತಬ್ಬಿಕೊಂಡರು.

"ಬೀಗರೇ, ನಂಗೆ ಸ್ವಂತ ತಮ್ಮಂದಿರಿದಾರೆ. ಒಬ್ಬನಿಗೂ ಹೊಳೀಲಿಲ್ಲ ಇದು."

"ಅದೇನು ಮಹಾ ರಾಯರೇ" ಎಂದರು ವಾದಿರಾಜರು, ಬೀಗರ ಭುಜದ ಮೇಲಿನಿಂದ ಬ್ಯಾಟನ್ನೇ ನೋಡುತ್ತ.

ಆ ಭಾನುವಾರ ಏನಾಯಿತೆಂದು ವಿವರಿಸುವುದು ಕ್ರೌರ್ಯ. ಜರ್ಮನ್ ಬ್ಯಾಟಿನ ಬಗ್ಗೆ ಅಂಗಡಿಯವರು ಬರೆದದ್ದೆಲ್ಲ ಅಕ್ಷರಶಃ ನಿಜವಾಗಿತ್ತು ಎಂದಷ್ಟೇ ಹೇಳಬಹುದು. ಮೊದಲು ನಾಲ್ಕೈದು ಪಾಯಿಂಟಾದರೂ ಗಿಟ್ಟುತ್ತಿತ್ತು, ಈಗ ಅದೂ ಇಲ್ಲ. ಪ್ರತಿ ಹೊಡೆತದ ಬಳಿಕ ವರದರಾಜರು ಬ್ಯಾಟಿಗೆ ಮುತ್ತು ಕೊಟ್ಟು, ನೋಡುತ್ತಿದ್ದವರ ಕಡೆ ತಿರುಗಿ, "ನಮ್ಮ ಬೀಗರು ಕೊಟ್ಟಿದ್ದು!" ಎನ್ನುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ದುಡ್ಡು ಕೊಟ್ಟು ತಾವೇ ತರಿಸಿದ ಕತ್ತಿಗೆ ತಾವೇ ಕತ್ತು ಕೊಟ್ಟು, ಅದಕ್ಕೆ ಬಂದ ಚಪ್ಪಾಳೆಗೆ ಕೈ ಮುಗಿಯುವ ಯೋಗ ಎಲ್ಲರಿಗೂ ಸಿಗುವುದಿಲ್ಲ.

ವಾದಿರಾಜರು ಮಂಕಾದರು. ಹುಳಿಗೆ ಉಪ್ಪಿಲ್ಲದಿದ್ದರೂ ಹೇಳಲಿಲ್ಲ. ಮೂರನೆಯ ದಿನ ಕೋಕಿಲಮ್ಮ ಸೌಟು ಕೆಳಗಿಟ್ಟು ಎದುರಿಗೆ ಕುಳಿತರು.

"ಏನಾಗಿದೆ ನಿಮಗೆ? ಡಾಕ್ಟರ್ ಹತ್ರ ಹೋಗೋಣ್ವಾ?"

"ಏನಿಲ್ಲ."

"ಏನಿಲ್ಲ ಅನ್ನೋರು ಹೀಗೆ ಅನ್ನ ಕೆದಕ್ತಾರಾ?"

ವಾದಿರಾಜರಿಗೆ ತಡೆಯಲಾಗಲಿಲ್ಲ. "ಒಂದೇ ಒಂದು ಗೇಮ್ ಕಣೇ ಕೋಕಿಲಾ. ಜನ್ಮದಲ್ಲಿ ಒಂದೇ ಒಂದು ಗೇಮ್ ಆ ಮನುಷ್ಯನ್ನ ಸೋಲಿಸ್ಬೇಕು. ಆಮೇಲೆ ನನಗೇನೂ ಬೇಡ" ಎಂದರು. ಹೈಸ್ಕೂಲು ಹುಡುಗನೊಬ್ಬ ಮೈದಾನದಿಂದ ಅಳುತ್ತ ಬಂದಂತಿತ್ತು. ಕೋಕಿಲಮ್ಮ ಇನ್ನೊಂದು ಸೌಟು ಹುಳಿ ಬಡಿಸಿ ಎದ್ದು ಹೋದರು.

ಮುಂದಿನ ಭಾನುವಾರ ಪವಾಡ ನಡೆಯಿತು.

ವರದರಾಜರ ಮೊದಲ ಸರ್ವಿಸ್ ನೆಟ್ಟಿಗೆ ಬಿತ್ತು. ಎರಡನೆಯದೂ ಬಿತ್ತು. ವಾದಿರಾಜರು ಕಣ್ಣು ಮುಚ್ಚಿ ಬೀಸಿದ್ದೊಂದು ಟೇಬಲ್ಲಿನ ಅಂಚಿಗೆ ತಾಗಿ ಹಾರಿತು. ಬೀಗರು ಸರಿಯಾದ ಸಮಯ ನೋಡಿ ಕೆಮ್ಮಿದರು, ಕನ್ನಡಕ ಒರೆಸಿಕೊಂಡರು, ಅಂಗೈಯಲ್ಲಿ ಇಟ್ಟುಕೊಟ್ಟಂತೆ ಬಂದ ಚೆಂಡನ್ನು ಗೋಡೆಗೆ ಹೊಡೆದರು. ವಾದಿರಾಜರಿಗೆ ಇದೆಲ್ಲ ತಮ್ಮ ಹೊಸ ಫುಟ್‌ವರ್ಕಿನ ಪರಿಣಾಮವೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ಕೊನೆಯ ಪಾಯಿಂಟು ಬಂದಾಗ ಅವರು ಎರಡೂ ಕೈ ಎತ್ತಿ ಕೂಗಿದ ಕೂಗಿಗೆ ಪಾರ್ಕಿನಲ್ಲಿ ಪ್ರಾಣಾಯಾಮ ಮಾಡುತ್ತಿದ್ದವರ ಉಸಿರು ತಪ್ಪಿತು.

"ಆಡಿದ್ರಿ ಬೀಗರೇ!" ಎಂದು ವರದರಾಜರು ಕೈಕುಲುಕಿದರು.

"ಬ್ಯಾಟಲ್ಲೇನಿದೆ ರಾಯರೇ, ಎಲ್ಲಾ ಕೈಯಲ್ಲಿರೋದು" ಎಂದು ವಾದಿರಾಜರು ಉದಾರವಾಗಿ ಉಪದೇಶಿಸಿದರು.

ಮನೆಗೆ ಹೋಗುವ ದಾರಿಯಲ್ಲಿ ಬೆಣ್ಣೆ ಮಸಾಲೆ ಕಟ್ಟಿಸಿಕೊಂಡರು. ತಮ್ಮ ಪುಣ್ಯಕ್ಕೆ ಬೀದಿಯಲ್ಲಿ ಗುರುತಿನವರು ಯಾರಾದರೂ ಸಿಗಲೆಂದು ನಿಧಾನವಾಗಿ ನಡೆದರು. ಮೂವರು ಸಿಕ್ಕರು. ಮೂವರಿಗೂ ಆಟವನ್ನು ಸರ್ವಿಸಿನಿಂದ ಸರ್ವಿಸಿಗೆ ವರ್ಣಿಸಿದರು. ನಡುಮನೆಯಲ್ಲಿ ಹುರಳಿಕಾಯಿ ಹೆಚ್ಚುತ್ತಿದ್ದ ಕೋಕಿಲಮ್ಮನ ಮುಂದೆ ದೋಸೆಯ ಪೊಟ್ಟಣವನ್ನಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಕೇಳು, ಏನಾಯ್ತು ಅಂತ ಕೇಳು."

"ಗೆದ್ರಿ" ಎಂದರು ಕೋಕಿಲಮ್ಮ, ತಲೆಯೆತ್ತದೆ. "ಹನ್ನೊಂದು ಒಂಬತ್ತಲ್ವಾ?"

ವಾದಿರಾಜರ ಕೈ ಸೊಂಟದಿಂದ ಜಾರಿತು. "ನಿನಗ್ಹೇಗೆ ಗೊತ್ತು? ನಾನಿನ್ನೂ ಹೇಳೇ ಇಲ್ಲ. ಬೀಗರು ಫೋನ್ ಮಾಡಿದ್ರಾ?"

"ಸುಂದರಮ್ಮನೋರು ಹೇಳಿದ್ರು."

"ಯಾವಾಗ?"

"ನಿನ್ನೆ."

ಹೊರಗೆ ತರಕಾರಿ ಗಾಡಿಯವನು ಸೊಪ್ಪು ಸೊಪ್ಪು ಎಂದು ಕೂಗುತ್ತ ಹೋದ. ಕೋಕಿಲಮ್ಮ ಹುರಳಿಕಾಯಿಯ ನಾರು ತೆಗೆದು ಪಕ್ಕಕ್ಕಿಟ್ಟರು.

"ನೀವು ಊಟ ಬಿಟ್ಟು ಕೂತ್ರೆ ನನಗೆ ನೋಡಕ್ಕಾಗತ್ತಾ? ಅವರ ಹತ್ರ ಮಾತಾಡಿದೆ. ಅವರು ರಾಯರಿಗೆ ಹೇಳಿದ್ರು. ರಾಯರು ಪಾಪ, ಒಂದೇ ಮಾತಿಗೆ ಒಪ್ಕೊಂಡ್ರಂತೆ. ಅಷ್ಟು ಒಳ್ಳೇ ಬ್ಯಾಟು ಕೊಟ್ಟಿದಾರೆ, ಒಂದು ಗೇಮ್ ಕೊಡಕ್ಕಾಗಲ್ವಾ ಅಂದ್ರಂತೆ. ತೀರಾ ಜಾಸ್ತಿ ಬಿಟ್ಕೊಟ್ರೆ ನಿಮಗೆ ಅನುಮಾನ ಬರತ್ತೆ ಅಂತ ಒಂಬತ್ತು ಅಂತ ಅವರೇ ಲೆಕ್ಕ ಹಾಕಿದ್ದು. ಎಂಜಿನಿಯರ್ ಅಲ್ವೇ?"

ವಾದಿರಾಜರು ಕುರ್ಚಿಯಲ್ಲಿ ಕುಸಿದರು. ದಾರಿಯಲ್ಲಿ ಸಿಕ್ಕ ಮೂವರ ಮುಖಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು. ಬ್ಯಾಟಲ್ಲೇನಿದೆ ರಾಯರೇ ಎಂದ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

"ಮುಂದಿನ ಭಾನುವಾರ?" ಎಂದರು ಸಣ್ಣ ದನಿಯಲ್ಲಿ.

"ಮಾಮೂಲಿ. ಒಂದೇ ಗೇಮ್ ಅಂತ ತಾನೇ ನೀವು ಕೇಳಿದ್ದು?" ಕೋಕಿಲಮ್ಮ ದೋಸೆಯ ಪೊಟ್ಟಣ ಬಿಚ್ಚಿದರು. "ಆಮೇಲೆ ಇನ್ನೊಂದು ವಿಷ್ಯ. ಬ್ಯಾಟಿನ ಕೆಂಪು ಕಡೆ ನಾನಿಟ್ಟ ಅರಿಶಿನ ಕುಂಕುಮ ಹೋಗ್ತಿಲ್ವಂತೆ, ಅಲ್ಲಿಗೆ ಬಿದ್ರೆ ಚೆಂಡು ಜಾರತ್ತಂತೆ. ಅಂಥ ರಬ್ಬರು ಇಲ್ಲಿ ಅಂಗಡೀಲಿ ಸಿಗಲ್ವಂತೆ. ನಮ್ಮನೆಯೋರು ತರಿಸ್ಕೊಡ್ತಾರೆ, ಅವರಿಗೆ ಅದೆಲ್ಲಾ ಗೊತ್ತು ಅಂದೆ. ಸುಂಕಾನೂ ನಾವೇ ಕಟ್ತೀವಿ ಅಂತ ಹೇಳಿದೀನಿ. ಅವರ ಕೈಲಿ ಕಟ್ಸಿದ್ರೆ ಚೆನ್ನಾಗಿರತ್ತಾ, ಬೀಗರು!"

ಆ ಮಧ್ಯಾಹ್ನ ವಾದಿರಾಜರು ಕಶ್ಯಪನಿಗೆ ಮತ್ತೆ ಫೋನು ಮಾಡಿದರು. ಈ ಸಲ ತಾರಸಿಗೆ ಹೋಗುವ ಅಗತ್ಯವಿರಲಿಲ್ಲ, ಸೋಫಾದಲ್ಲಿ ಕುಳಿತೇ ಮಾತಾಡಿದರು. ಪಕ್ಕದಲ್ಲಿ ಕೋಕಿಲಮ್ಮ ಇದ್ದರು.

"ಏನಂತ ಬರೀಲಿ ದೊಡ್ಡಪ್ಪ?" ಎಂದು ಕಶ್ಯಪ್ ಕೇಳಿದ.

"ಗಿಫ್ಟ್ ಅಂತಾನೇ ಬರಿಯಪ್ಪ" ಎಂದರು ವಾದಿರಾಜರು. "ಬೆಲೆ ಮಾತ್ರ ಇದ್ದಷ್ಟೇ ಹಾಕು."

ಈ ಸಲ ಗಿಫ್ಟ್ ಎಂಬ ಮಾತು ಅಪ್ಪಟ ನಿಜವಾಗಿತ್ತು. ಸುಂಕ ಮಾತ್ರ ಒಂದು ಪೈಸೆಯೂ ಕಡಿಮೆಯಾಗಲಿಲ್ಲ.